ಆಲೂಗೆಡ್ಡೆ ಮೇಡಂ

ದುದ್ದದ ಸುತ್ತಮುತ್ತಲಿನ ರೈತರಲ್ಲಿ ಅರ್ಧಕ್ಕರ್ಧ ಜನರಿಗೆ ಶಿವರಂಜನಿಯ ಹೆಸರೇ ಗೊತ್ತಿರಲಿಲ್ಲ. ಅವರ ಫೋನುಗಳಲ್ಲಿ ಆಕೆಯ ನಂಬರು ಇದ್ದದ್ದು ‘ಆಲೂಗೆಡ್ಡೆ ಮೇಡಂ’ ಎಂದು. ಮುಂಗಾರಿನಲ್ಲಿ ಎರಡು ದಿನ ಬಿಸಿಲು ಕಾಣದೆ ಮೋಡ ಕವಿದುಕೊಂಡಿತೆಂದರೆ ಬೆಳಗ್ಗೆ ಆರಕ್ಕೇ ಆ ನಂಬರಿಗೆ ಕರೆಗಳು ಶುರುವಾಗುತ್ತಿದ್ದವು. ಅಂಗಮಾರಿ ಬರುತ್ತದೋ ಇಲ್ಲವೋ, ಔಷಧಿ ಇವತ್ತೇ ಹೊಡೆಯಬೇಕೋ ನಾಳೆಗೆ ತಡೆಯಬಹುದೋ, ಹೊಡೆದ ಮೇಲೆ ಮಳೆ ಸುರಿದರೆ ಏನು ಗತಿ, ಎಲ್ಲದಕ್ಕೂ ಆಕೆಯೇ ಹೇಳಬೇಕು. ಅಂಗಮಾರಿ ಬಿದ್ದ ಆಲೂಗೆಡ್ಡೆ ಹೊಲ ನಾಲ್ಕೇ ದಿನದಲ್ಲಿ ಕುದಿನೀರು ಸುರಿದ ಹಾಗೆ ಕಪ್ಪಗಾಗಿ ಮಲಗಿಬಿಡುತ್ತದೆ. ಆಮೇಲೆ ಯಾರು ಏನು ಹೇಳಿದರೂ ಪ್ರಯೋಜನವಿಲ್ಲ.

ಹಾಸನದಿಂದ ದುದ್ದಕ್ಕೆ ಹೋಗುವ ರಸ್ತೆಯಲ್ಲಿ ಜನ ‘ಗೆಡ್ಡೆ ಫಾರಂ’ ಎಂದು ಕರೆಯುವ ಸಂಶೋಧನಾ ಕೇಂದ್ರವಿತ್ತು. ಶಿವರಂಜನಿ ಅಲ್ಲಿಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಸಸ್ಯರೋಗ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು, ಚಿನ್ನದ ಪದಕವೂ ಬಂದಿತ್ತು. ಆದರೆ ಫಾರಂನ ಕಾಗದಪತ್ರಗಳಲ್ಲಿ ಅವಳು ಹೊರಗುತ್ತಿಗೆಯ ಕ್ಷೇತ್ರ ಸಹಾಯಕಿ. ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನದ ಮಟ್ಟಿಗೆ ಅವಳನ್ನು ಕೆಲಸದಿಂದ ತೆಗೆದು, ಮಾರನೆಯ ದಿನ ಹೊಸದಾಗಿ ಸೇರಿಸಿಕೊಂಡಂತೆ ಬರೆಯುತ್ತಿದ್ದರು. ಆ ಒಂದು ದಿನವೂ ಅವಳು ಫಾರಂಗೆ ಬರುತ್ತಿದ್ದಳು. ಇಬ್ಬನಿಗೆ, ಮಳೆಗೆ, ಕಾಗದದಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲವಲ್ಲ. ಎಲೆ ಎಷ್ಟು ಗಂಟೆಯವರೆಗೆ ಒದ್ದೆಯಾಗಿತ್ತು, ರಾತ್ರಿ ಎಷ್ಟು ತಂಪಿತ್ತು, ಯಾವ ತಾಕಿನಲ್ಲಿ ಮೊದಲ ಮಚ್ಚೆ ಕಂಡಿತು, ಎಲ್ಲವನ್ನೂ ಬರೆದಿಟ್ಟು, ರೋಗ ಕಾಣಿಸಿಕೊಳ್ಳುವ ಐದು ದಿನ ಮೊದಲೇ ಅದನ್ನು ಹೇಳಿಬಿಡುವ ಒಂದು ಲೆಕ್ಕವನ್ನು ಅವಳು ಕಟ್ಟಿದ್ದಳು. ಅದು ಮೂವರು ವಿಜ್ಞಾನಿಗಳ ಹೆಸರಿನಲ್ಲಿ ಪುಸ್ತಿಕೆಯಾಗಿ ಬಂತು. ಕೊನೆಯ ಪುಟದ ಕೊನೆಯ ಸಾಲಿನಲ್ಲಿ ‘ಸಹಕರಿಸಿದ ಕ್ಷೇತ್ರ ಸಿಬ್ಬಂದಿಗೆ ವಂದನೆಗಳು’ ಎಂದಿತ್ತು.

ಮದುವೆಯ ಮಾತು ಮೂರು ಸಲ ಬಂದು ಹೋಗಿತ್ತು. ಎರಡು ಕಡೆಯವರು ಕೇಳಿದ್ದು ಒಂದೇ ಮಾತು, ಕೆಲಸ ಪರ್ಮನೆಂಟಾ ಅಂತ. ಮೂರನೆಯವರು ಏನೂ ಕೇಳಲಿಲ್ಲ, ಅವರೇ ಎಲ್ಲಿಂದಲೋ ವಿಚಾರಿಸಿಕೊಂಡು ಸುಮ್ಮನಾದರು. ಈಗ ನಲವತ್ತನಾಲ್ಕು. ಹಾಸನದಲ್ಲಿ ಒಂದು ಬಾಡಿಗೆ ಮನೆ, ಒಂದು ಸ್ಕೂಟಿ. ಎರಡು ವಾರಕ್ಕೊಮ್ಮೆ ಅರಕಲಗೂಡಿಗೆ ಹೋಗಿ, ತಮ್ಮ ಚಂದ್ರಮೌಳಿಯ ಮನೆಯಲ್ಲಿರುವ ತಾಯಿಯನ್ನು ನೋಡಿಕೊಂಡು ಬರುತ್ತಿದ್ದಳು.

ಹೋದ ವರ್ಷ ಜುಲೈ ತಿಂಗಳ ಒಂದು ಬೆಳಗ್ಗೆ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ರವೀಂದ್ರ ಬೆಂಗಳೂರಿನ ಸಭೆಗೆ ಹೊರಟವರು ಜೀಪು ಹತ್ತುವ ಮುಂಚೆ ಅವಳನ್ನು ಕರೆದರು.

“ಶಿವರಂಜನಿ, ಇವತ್ತು ಯಾವುದೋ ಹೈಸ್ಕೂಲಿನ ಮಕ್ಕಳು ಬರ್ತಾರಂತೆ. ವಿಜ್ಞಾನಿಗಳನ್ನ, ಇಂಜಿನಿಯರ್‌ಗಳನ್ನ ಸಂದರ್ಶನ ಮಾಡೋ ಪ್ರಾಜೆಕ್ಟಂತೆ. ನನಗೆ ಮರೆತೇಹೋಗಿತ್ತು. ನೀವೇ ಒಂದು ಅರ್ಧ ಗಂಟೆ ಮಾತಾಡಿ ಕಳಿಸಿಬಿಡಿ.”

“ಅವರು ವಿಜ್ಞಾನಿ ಬೇಕು ಅಂತಾರಲ್ಲ ಸರ್.”

“ಅಯ್ಯೋ, ಮಕ್ಕಳಿಗೆ ಅದೆಲ್ಲ ಏನು ಗೊತ್ತಾಗುತ್ತೆ” ಎಂದು ಅವರು ನಕ್ಕು ಹೊರಟುಹೋದರು.

ಹನ್ನೊಂದು ಗಂಟೆಗೆ ಎಂಟು ಮಕ್ಕಳು ಬಂದರು. ಹತ್ತನೇ ತರಗತಿಯವರು. ಜೊತೆಯಲ್ಲಿ ಅವರ ವಿಜ್ಞಾನದ ಮೇಷ್ಟ್ರು ಬಸವೇಶ. ಎಲ್ಲರ ಕೈಯಲ್ಲೂ ಹತ್ತು ಪ್ರಶ್ನೆಗಳ ಒಂದೊಂದು ಜೆರಾಕ್ಸ್ ಹಾಳೆ. ಮಕ್ಕಳು ಬಿತ್ತನೆ ಗೆಡ್ಡೆಯ ಕೊಠಡಿಯಲ್ಲಿ ಖಾಲಿ ಗೋಣಿಚೀಲ ಹಾಸಿಕೊಂಡು ಕೂತರು. ಬಸವೇಶ ಮೇಷ್ಟ್ರು ಕೈ ಮುಗಿದು, “ಮಕ್ಕಳೇ, ಇವರು ವಿಜ್ಞಾನಿಗಳು. ಭಯ ಪಡದೆ ಕೇಳಿ” ಎಂದರು.

ಶಿವರಂಜನಿಗೆ ‘ನಾನಲ್ಲ’ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಎಂಟು ಮುಖಗಳು ತನ್ನನ್ನೇ ನೋಡುತ್ತಿದ್ದವು. ಹತ್ತೊಂಬತ್ತು ವರ್ಷದಲ್ಲಿ ಆ ಪದವನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಅವಳು ಸುಮ್ಮನಿದ್ದುಬಿಟ್ಟಳು.

ಮೊದಲ ಪ್ರಶ್ನೆ ಕೇಳಿದ್ದು ಎರಡು ಜಡೆಯ, ತೆಳ್ಳಗಿನ ಹುಡುಗಿ, ಧನ್ಯಾ. “ಮೇಡಂ, ನೀವು ವಿಜ್ಞಾನಿ ಆಗ್ಬೇಕು ಅಂತ ಯಾವಾಗ ಅನ್ನುಸ್ತು?”

ಆ ಪ್ರಶ್ನೆಗೆ ಶಿವರಂಜನಿಯ ಬಳಿ ಉತ್ತರ ಸಿದ್ಧವಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಅವಳ ತಂದೆ ಈಶ್ವರಯ್ಯನವರಿಗೆ ಅರಕಲಗೂಡಿನಲ್ಲಿ ಆಲೂಗೆಡ್ಡೆ ವ್ಯಾಪಾರವಿತ್ತು. ಸುಗ್ಗಿಯಲ್ಲಿ ಮನೆಯ ಪಡಸಾಲೆ ತುಂಬ ಮೂಟೆಗಳು. ತಾಯಿ ಗುರುಸಿದ್ದಮ್ಮ ಮೂಟೆಗಳ ನಡುವೆ ನಡೆದುಕೊಂಡು ಹೋಗುತ್ತಲೇ ನಿಂತು, ಮೂಗು ಸೇದಿ, “ಇದ್ರಲ್ಲಿ ಕೊಳ್ತದೆ ಒಂದು” ಎನ್ನುತ್ತಿದ್ದಳು. ಬಿಚ್ಚಿ ಸುರಿದರೆ ಮೂಟೆಯ ತಳದಲ್ಲಿ ಒಂದೇ ಒಂದು ಕೊಳೆತ ಗೆಡ್ಡೆ ಸಿಕ್ಕುತ್ತಿತ್ತು. ಪಕ್ಕದ್ದು ಕಲ್ಲಿನ ಹಾಗೆ ಗಟ್ಟಿ. ಒಂದೇ ಹೊಲ, ಒಂದೇ ಚೀಲ, ಇದು ಯಾಕೆ ಕೊಳೆಯಿತು, ಅದು ಯಾಕೆ ಕೊಳೆಯಲಿಲ್ಲ? ಆರು ವರ್ಷದ ಹುಡುಗಿ ಮನೆಯವರನ್ನೆಲ್ಲ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. “ಅದಕ್ಕೇ ಓದಬೇಕಾಯ್ತು” ಎಂದು ಶಿವರಂಜನಿ ಹೇಳಿದಾಗ ಮಕ್ಕಳು ನಕ್ಕರು, ಆಮೇಲೆ ತಲೆ ತಗ್ಗಿಸಿ ಬರೆದುಕೊಂಡರು.

ಅರ್ಧ ಗಂಟೆಯ ಮಾತು ಎರಡು ಗಂಟೆಯಾಯಿತು. ಅವಳು ಅವರನ್ನು ತಾಕಿಗೆ ಕರೆದುಕೊಂಡು ಹೋಗಿ, ಎಲೆ ಮಗುಚಿ, ತಳದಲ್ಲಿ ಬೂದಿಯಂತೆ ಹರಡಿದ್ದ ಬಿಳಿಯ ಬೂಷ್ಟನ್ನು ಭೂತಗನ್ನಡಿಯಲ್ಲಿ ತೋರಿಸಿದಳು. ಧನ್ಯಾ ಗಾಜಿನಿಂದ ಕಣ್ಣು ತೆಗೆಯಲೇ ಇಲ್ಲ. ಉಳಿದವರು ನನಗೆ ನನಗೆ ಎಂದು ಎಳೆಯುತ್ತಿದ್ದರು.

“ಮೇಡಂ, ನಮ್ ತಾತ ಕೆಂಪಣ್ಣ ಅಂತ. ಅವ್ರು ನಿಮ್ಗೆ ಫೋನ್ ಮಾಡ್ದೆ ಔಷಧಿ ಮುಟ್ಟಲ್ಲ” ಎಂದಳು.

ಹೊರಡುವಾಗ ಕಚೇರಿಯ ಬಾಗಿಲಲ್ಲಿ ಧನ್ಯಾ ನಿಂತಳು. ಗೋಡೆಯ ಮೇಲೆ ವಿಜ್ಞಾನಿಗಳ ಹೆಸರಿನ ಹಲಗೆ. ನಾಲ್ಕು ಹೆಸರುಗಳನ್ನೂ ಎರಡೆರಡು ಸಲ ಓದಿ, “ಮೇಡಂ, ನಿಮ್ ಹೆಸ್ರು ಯಾಕಿಲ್ಲ ಇದ್ರಲ್ಲಿ?” ಎಂದು ಕೇಳಿದಳು. ಅದು ಹಾಳೆಯಲ್ಲಿದ್ದ ಪ್ರಶ್ನೆಯಲ್ಲ.

“ಅದು ಹಳೇ ಬೋರ್ಡು. ಹೊಸದಾಗಿ ಬರೆಸಬೇಕು” ಎಂದಳು ಶಿವರಂಜನಿ. ಹೇಳಿದ್ದು ಸುಳ್ಳು. ಆದರೂ ಆ ದಿನವಿಡೀ ಅವಳ ಮನಸ್ಸು ಹಗುರವಾಗಿತ್ತು. ಸಂಜೆ ಮನೆಗೆ ಹೋಗಿ, ಒಬ್ಬಳಿಗೇ ಆದರೂ ಪಾಯಸ ಮಾಡಿಕೊಂಡು ತಿಂದಳು.

ಫೆಬ್ರವರಿಯಲ್ಲಿ ಧನ್ಯಾ ಫೋನು ಮಾಡಿದಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕಿನ ಶಾಲೆಗಳ ಸಂದರ್ಶನಗಳಲ್ಲಿ ಅವರದ್ದಕ್ಕೇ ಮೊದಲ ಬಹುಮಾನ. ವಿಜ್ಞಾನ ದಿನದಂದು ಹಾಸನದಲ್ಲಿ ಸಮಾರಂಭ, ಸಂದರ್ಶನಗಳೆಲ್ಲ ಪುಸ್ತಕವಾಗಿ ಬರುತ್ತವೆ, ತಾನು ವೇದಿಕೆಯ ಮೇಲೆ ಓದಬೇಕು. “ಮೇಡಂ, ನೀವು ಬರ್ಲೇಬೇಕು. ನಿಮ್ಗೂ ಸನ್ಮಾನ ಇರುತ್ತಂತೆ” ಎಂದಳು.

ಶಿವರಂಜನಿ ಅರಕಲಗೂಡಿಗೆ ಫೋನು ಮಾಡಲು ಹೋಗಿ ಸುಮ್ಮನಾದಳು. ಪುಸ್ತಕವನ್ನೇ ತೆಗೆದುಕೊಂಡು ಹೋಗಿ ಅವ್ವನ ಕೈಗೆ ಕೊಡಬೇಕು ಎಂದುಕೊಂಡಳು. ತಮ್ಮನ ಮದುವೆಗೆ ಉಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಇಸ್ತ್ರಿ ಮಾಡಿಸಿದಳು.

ಸಮಾರಂಭದ ದಿನ ಸಭಾಂಗಣದಲ್ಲಿ ಮುನ್ನೂರು ಮಕ್ಕಳಿದ್ದರು. ಅವಳು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಳು, ಕರೆದಾಗ ಎದ್ದು ಹೋಗಲು ಸಲೀಸಾಗಲಿ ಎಂದು. ವೇದಿಕೆಯ ಮೇಲೆ ಸಂದರ್ಶನ ಕೊಟ್ಟವರಿಗಾಗಿ ಹಾಕಿದ್ದ ಕುರ್ಚಿಗಳಲ್ಲಿ ಹೊಳೆನರಸೀಪುರದ ಮಕ್ಕಳು ಮಾತಾಡಿಸಿದ್ದ ನೀರಾವರಿ ಇಂಜಿನಿಯರ್ ಇದ್ದರು, ಅರಕಲಗೂಡಿನ ಮಕ್ಕಳು ಮಾತಾಡಿಸಿದ್ದ ವಿದ್ಯುತ್ ಇಂಜಿನಿಯರ್ ಇದ್ದರು. ಅವರ ಪಕ್ಕದಲ್ಲಿ ಡಾಕ್ಟರ್ ರವೀಂದ್ರ ಕೂತಿದ್ದರು. ಕೇಂದ್ರದ ಮುಖ್ಯಸ್ಥರು ಎಂದು ಕರೆದಿರಬೇಕು ಅಂದುಕೊಂಡಳು.

ಪುಸ್ತಕವನ್ನು ಕುರ್ಚಿ ಕುರ್ಚಿಗೂ ಹಂಚಿದರು. ಅವಳು ತೆರೆದಳು. ಮೊದಲ ಪುಟದಲ್ಲೇ ಇತ್ತು. ‘ಆಲೂಗೆಡ್ಡೆ ವಿಜ್ಞಾನಿ ಡಾ. ರವೀಂದ್ರ ಅವರೊಂದಿಗೆ ಮಾತುಕತೆ.’ ಕೆಳಗೆ ಅವರ ಭಾವಚಿತ್ರ. ಆ ಹೊತ್ತಿಗೆ ಮೈಕಿನಲ್ಲಿ ಧನ್ಯಾಳ ದನಿ ಕೇಳಿಸಿತು. ಅವಳು ತಲೆ ಎತ್ತದೆ, ಎಲ್ಲೂ ತಡವರಿಸದೆ ಓದಿದಳು.

“ಚಿಕ್ಕಂದಿನಲ್ಲಿ ನಮ್ಮ ಮನೆಯ ಪಡಸಾಲೆಯ ತುಂಬ ಆಲೂಗೆಡ್ಡೆ ಮೂಟೆಗಳಿರುತ್ತಿದ್ದವು. ನನ್ನ ತಾಯಿ ಮೂಟೆ ಬಿಚ್ಚದೆ, ವಾಸನೆಯಿಂದಲೇ ಕೊಳೆತ ಗೆಡ್ಡೆಯನ್ನು ಪತ್ತೆ ಹಚ್ಚುತ್ತಿದ್ದರು, ಎಂದು ಡಾಕ್ಟರ್ ರವೀಂದ್ರ ನೆನಪಿಸಿಕೊಂಡರು.”

ಚಪ್ಪಾಳೆ ಬಿತ್ತು. ರವೀಂದ್ರರ ಮುಖದಲ್ಲಿ ಮೊದಲು ಗಲಿಬಿಲಿ ಕಾಣಿಸಿತು. ಆಮೇಲೆ ಪಕ್ಕದ ಇಂಜಿನಿಯರ್ ಬಗ್ಗಿ ಏನೋ ಹೇಳಿದರು. ರವೀಂದ್ರ ಮುಗುಳ್ನಕ್ಕು, ಹೌದು ಎಂಬಂತೆ ತಲೆ ಆಡಿಸಿದರು. ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಶಿವರಂಜನಿ ಮೂರನೆಯ ಸಾಲಿನಲ್ಲಿ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು. ಪಕ್ಕದಲ್ಲಿ ಯಾವುದೋ ಶಾಲೆಯ ಟೀಚರ್ ಕೂತಿದ್ದರು, ತಟ್ಟದಿದ್ದರೆ ಏನಂದುಕೊಳ್ಳುತ್ತಾರೋ ಅನ್ನಿಸಿತು.

ಊಟದ ಸಾಲಿನಲ್ಲಿ ಬಸವೇಶ ಮೇಷ್ಟ್ರು ಅವಳನ್ನು ಹುಡುಕಿಕೊಂಡು ಬಂದರು. ಬೆವರುತ್ತಿದ್ದರು.

“ಮೇಡಂ, ತಪ್ಪು ತಿಳ್ಕೋಬೇಡಿ. ನಮೂನೆಯಲ್ಲಿ ವಿಜ್ಞಾನಿಯ ಹುದ್ದೆ, ಸಹಿ, ಮೊಹರು ಇರ್ಲೇಬೇಕು ಅಂತ ಸ್ಪರ್ಧೆಯವರು ವಾಪಸ್ ಕಳಿಸಿದ್ರು. ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳ್ದೆ. ಆ ಹೆಸರಿನ ವಿಜ್ಞಾನಿ ನಮ್ಮಲ್ಲಿ ಯಾರೂ ಇಲ್ಲ ಅಂದ್ರು. ಮಾರನೇ ದಿನಾನೇ ಕೊನೇ ದಿನ ಆಗಿತ್ತು. ಮಕ್ಕಳು ಅಷ್ಟು ಕಷ್ಟಪಟ್ಟು ಬರೆದಿದ್ರು. ಡಾಕ್ಟರ್ ಹತ್ರ ಹೋದೆ, ಅವ್ರು ಓದ್ದೆ ಸಹಿ ಹಾಕ್ಕೊಟ್ರು.” ದನಿ ತಗ್ಗಿಸಿ, “ನೀವು ಅವತ್ತೇ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು” ಎಂದರು.

ಅನ್ಯಾಯ ಎನ್ನೋಣವೆಂದರೆ ಅದರಲ್ಲಿ ತನ್ನದೂ ಒಂದು ಸುಳ್ಳು ಸೇರಿಕೊಂಡಿತ್ತು. ಕಂಬದ ಪಕ್ಕದಲ್ಲಿ ಧನ್ಯಾ ಬಹುಮಾನದ ಫಲಕ ಎದೆಗೆ ಒತ್ತಿಕೊಂಡು ನಿಂತು ಇತ್ತಲೇ ನೋಡುತ್ತಿದ್ದಳು. ಶಿವರಂಜನಿ ಅವಳನ್ನು ಕಾಣದವಳಂತೆ ಹೊರಗೆ ನಡೆದಳು.

ರವೀಂದ್ರ ಜೀಪಿನಲ್ಲಿ ಬಿಡುತ್ತೇನೆ ಎಂದು ಕರೆದರು. ದಾರಿಯಲ್ಲಿ, “ಅದೆಲ್ಲ ನೀವು ಹೇಳಿದ್ದಾ? ಚೆನ್ನಾಗಿತ್ತು ಕಣ್ರೀ. ನಮ್ಮಮ್ಮ ಟೀಚರ್ ಆಗಿದ್ರು. ಅವ್ರಿಗೆ ಆಲೂಗೆಡ್ಡೆ ಅಂದ್ರೇ ಆಗ್ತಿರ್ಲಿಲ್ಲ, ವಾಯು ಅಂತ” ಎಂದು ನಕ್ಕರು. ಅವರು ಹಣ್ಣಿನ ಬುಟ್ಟಿಯನ್ನು ಅವಳ ಕಡೆ ಸರಿಸಿದರು. “ನೀವು ತಗೊಳ್ಳಿ. ನಮ್ಮನೇಲಿ ಯಾರೂ ತಿನ್ನಲ್ಲ.”

ಬುಟ್ಟಿಯನ್ನು ಅವಳು ಮನೆಯ ಹತ್ತಿರದ ಇಸ್ತ್ರಿಯವನಿಗೆ ಕೊಟ್ಟಳು. ಪುಸ್ತಕ ಚೀಲದಲ್ಲೇ ಉಳಿದಿತ್ತು. ಮುಂದಿನ ಭಾನುವಾರ ಅರಕಲಗೂಡಿನಲ್ಲಿ ಚಂದ್ರಮೌಳಿ ಬಸ್ಸಿನ ಚೀಟಿ ಹುಡುಕಲು ಆ ಚೀಲಕ್ಕೆ ಕೈ ಹಾಕಿದಾಗ ಅದು ಹೊರಗೆ ಬಂತು. “ಏನಕ್ಕಾ ಇದು, ನಿಮ್ ಸಾಹೇಬ್ರ ಫೋಟೋ ಅದಲ್ಲ” ಎಂದವನು ತಾಯಿಗೆ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದ. ಪಡಸಾಲೆಯ ಮೂಟೆಗಳ ಮಾತು ಬಂದಾಗ ಅವನ ದನಿ ನಿಂತಿತು. ಅಕ್ಕನ ಮುಖ ನೋಡಿದ. ಅವಳು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಮುರಿಯುತ್ತಿದ್ದಳು. ಅವನು ಮಿಕ್ಕಿದ್ದನ್ನು ಓದಿ ಮುಗಿಸಿದ.

ಗುರುಸಿದ್ದಮ್ಮ ಗಮನವಿಟ್ಟು ಕೇಳಿದಳು. ಎಪ್ಪತ್ತಾರರ ಮುದುಕಿ, ಕಿವಿ ಚುರುಕಾಗಿತ್ತು. “ನೋಡ್ದಾ ರಂಜೂ, ನಿಮ್ ಸಾಯೇಬ್ರ ತಾಯೀನೂ ನನ್ನಂಗೇ ಮೂಸಿ ಯೋಳೋರಂತೆ” ಎಂದಳು. “ಅಂತಾ ತಾಯಿ ಒಟ್ಟೇಲಿ ಉಟ್ಟಿದ್ಕೇ ಅಷ್ಟು ದೊಡ್ಡೋರಾದ್ರು. ನೀನೂ ಪುಸ್ತಕದಾಗೆ ಬರೋಂಗೆ ಏನಾರಾ ಮಾಡವ್ವಾ.”

ಶಿವರಂಜನಿ “ಹೂಂ” ಎಂದಳು. ಚಂದ್ರಮೌಳಿ ಎದ್ದು ಹಿತ್ತಲಿಗೆ ಹೋದ. ಮುದುಕಿ ಪುಸ್ತಕ ಇಸಿದುಕೊಂಡು, ಆ ಭಾವಚಿತ್ರವನ್ನು ಬಹಳ ಹೊತ್ತು ನೋಡಿದಳು.

ಜೂನ್ ಮೊದಲ ವಾರ ಬಿತ್ತನೆ ಮುಗಿಯುತ್ತಿದ್ದ ಹೊತ್ತಿನಲ್ಲಿ ಧನ್ಯಾ ಫಾರಂಗೆ ಬಂದಳು, ಒಬ್ಬಳೇ, ಬಸ್ಸಿನಲ್ಲಿ. ಕೈಯಲ್ಲಿ ಸ್ಟೀಲ್ ಡಬ್ಬಿ. “ತಾತ ಹಲಸಿನ ತೊಳೆ ಕೊಟ್ಟವ್ರೆ” ಎಂದಳು. ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳಬೇಕೆಂದಿದ್ದಳು. ಮನೆಯಲ್ಲಿ ಅಷ್ಟು ವರ್ಷ ಓದಿಸಲು ಅನುಮಾನ, ಮೇಡಂ ಒಂದು ಮಾತು ಹೇಳಿದರೆ ತಾತ ಒಪ್ಪುತ್ತಾರೆ. ಅಷ್ಟು ಹೇಳಿ, ಕಾಲ್ಬೆರಳಿನಿಂದ ನೆಲ ಕೆರೆಯುತ್ತಾ, “ಹೆಸ್ರು ಬದಲಾಯ್ಸಿದ್ದು ಅವತ್ತು ಬೆಳಗ್ಗೇನೇ ನಂಗೂ ಗೊತ್ತಾಗಿದ್ದು ಮೇಡಂ. ಸರ್ ಓದು ಅಂದ್ರು” ಎಂದಳು.

ಆ ದಿನ ಬೆಳಗ್ಗೆ ಶಿವರಂಜನಿ ಇಪ್ಪತ್ತೆರಡನೆಯ ಸಲ ಹೊಸದಾಗಿ ಕೆಲಸಕ್ಕೆ ಸೇರಿದ ಕಾಗದಕ್ಕೆ ಸಹಿ ಹಾಕಿ ಬಂದಿದ್ದಳು. ಮೂರು ತಿಂಗಳಿಂದ ಯಾರ ಮೇಲೂ ತೀರಿಸಿಕೊಳ್ಳಲಾಗದೆ ಒಳಗೇ ಹುಳಿ ಬಂದಿದ್ದ ಮಾತು ಆ ಹುಡುಗಿಯ ಮೇಲೆ ಬಿತ್ತು.

“ಓದು ಅಂದ್ರೆ ಓದಿಬಿಡೋದಾ? ಬರೆದೋಳು ನೀನು. ಯಾರ ಬಾಯಿಂದ ಕೇಳಿದ್ದು ಅಂತ ನಿನಗೆ ಗೊತ್ತಿತ್ತು. ಒಂದು ಅಕ್ಷರ ತಪ್ಪದ ಹಾಗೆ ಓದಿದೆಯಲ್ಲ.”

ಧನ್ಯಾಳ ಕಾಲ್ಬೆರಳು ನೆಲ ಕೆರೆಯುವುದು ನಿಂತಿತು.

“ಸೈನ್ಸ್ ಬೇಕಾ ನಿನಗೆ? ನನ್ನನ್ನ ನೋಡು. ಚಿನ್ನದ ಪದಕ ತಗೊಂಡೋಳು ನಾನು. ಇಪ್ಪತ್ತು ವರ್ಷ ಮಣ್ಣಲ್ಲಿ ನಿಂತು ಮಾಡಿದ್ದೆಲ್ಲ ಬೇರೆಯೋರ ಹೆಸರಿಗೆ ಹೋಯ್ತು. ನಾನು ವಿಜ್ಞಾನಿ ಅಲ್ಲ. ಕೂಲಿಯೋಳು. ಅವತ್ತು ನಿಮ್ಮ ಹತ್ರ ಸುಳ್ಳು ಹೇಳಿದೆ. ನಮ್ಮಂಥ ಊರಿನ ಹೆಣ್ಣುಮಕ್ಕಳಿಗೆ ಇದ್ರಲ್ಲಿ ಸಿಕ್ಕೋದು ಇಷ್ಟೇ. ಹೋಗು, ಕಾಮರ್ಸ್ ತಗೊಂಡು ಯಾವುದಾದ್ರೂ ಬ್ಯಾಂಕ್ ಸೇರ್ಕೋ.”

ಹುಡುಗಿ ಅಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಡಬ್ಬಿ ಆಮೇಲೆ ತಾತ ಇಸ್ಕೋತಾರೆ ಮೇಡಂ” ಎಂದು ಹೇಳಿ ಹೋದಳು. ಅವಳು ಗೇಟು ದಾಟುವ ಮೊದಲೇ ಶಿವರಂಜನಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾಗಿತ್ತು. ಆದರೂ ಎದ್ದು ಹೋಗಿ ಕರೆಯಲಿಲ್ಲ. ನಾಳೆ ಫೋನು ಮಾಡಿದರಾಯಿತು ಎಂದುಕೊಂಡಳು. ನಾಳೆ ನಾಳೆ ಎನ್ನುತ್ತಲೇ ತಿಂಗಳು ಕಳೆಯಿತು.

ಜುಲೈನಲ್ಲಿ ಕೆಂಪಣ್ಣನೇ ಫೋನು ಮಾಡಿದ. “ಮೇಡಮ್ಮೋರೆ, ಮೂರು ದಿನದಿಂದ ಜಡಿ ಇಡ್ಕಂಡೈತೆ. ಔಸ್ದಿ ಒಡೀಲಾ?” ಎಂದ. ಅವಳು ಯಾವುದು, ಎಷ್ಟು, ಯಾವ ಹೊತ್ತಿಗೆ ಎಂದೆಲ್ಲ ಹೇಳಿ, ಕೊನೆಗೆ ಧನ್ಯಾಳ ವಿಚಾರ ಕೇಳಿದಳು.

“ಕಾಮರ್ಸಿಗೆ ಸೇರವ್ಳೆ ಕಣವ್ವಾ. ಕೊನೀಗೆ ನಾನೇ ಒಪ್ಕಂಡು ಸೈನ್ಸು ತಗಳವ್ವಾ, ಮೇಡಮ್ಮೋರಂಗೆ ಆಗುವಂತೆ ಅಂದೆ. ಅವ್ಳೇ ಬ್ಯಾಡ ಅಂದ್ಲು.”

“ಯಾಕಂತೆ?”

“ಅದೇನೋ ಯೋಳ್ಲಿಲ್ಲ.”

ಭಾನುವಾರ ಅವಳು ಸ್ಕೂಟಿಯಲ್ಲಿ ಅವರ ಊರಿಗೆ ಹೋದಳು. ಕೆಂಪಣ್ಣ ಹೊಲದಲ್ಲಿದ್ದ. ಧನ್ಯಾ ಜಗುಲಿಗೆ ಚಾಪೆ ಹಾಸಿ, ಕಾಫಿ ತಂದುಕೊಟ್ಟು, ದೂರದಲ್ಲಿ ಕೂತಳು. ಮೊದಲಿನ ಸಲಿಗೆ ಇರಲಿಲ್ಲ, ಕೋಪವೂ ಇರಲಿಲ್ಲ. ಹಾಸನದ ಕಾಲೇಜು, ಬೆಳಗಿನ ಬಸ್ಸು, ಹೊಸ ವಿಷಯಗಳು, ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಹೇಳಿದಳು.

“ಅವತ್ತು ಸಿಟ್ಟಲ್ಲಿ ಏನೇನೋ ಅಂದುಬಿಟ್ಟೆ ಧನ್ಯಾ. ಮನಸ್ಸಿಗೆ ಹಚ್ಕೋಬೇಡ. ಈಗ್ಲೂ ಬದಲಾಯಿಸ್ಕೋಬಹುದು. ಪ್ರಿನ್ಸಿಪಾಲರ ಹತ್ರ ನಾನು ಬಂದು ಮಾತಾಡ್ತೀನಿ.”

“ಪರ್ವಾಗಿಲ್ಲ ಮೇಡಂ. ನನ್ಗೆ ಬೇಜಾರಿಲ್ಲ.”

“ನಾನಂದದ್ದನ್ನೆಲ್ಲ ನಿಜ ಅಂದ್ಕೋಬೇಡ.”

ಧನ್ಯಾ ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದಳು. “ಅದ್ರಲ್ಲಿ ಯಾವ್ದು ಸುಳ್ಳು ಮೇಡಂ?” ಎಂದು ಕೇಳಿದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಉತ್ತರ ಬಂದರೆ ಕೇಳಿಸಿಕೊಳ್ಳಲು ಸಿದ್ಧವಾಗಿಯೇ ಕೂತಿದ್ದಳು.

ಶಿವರಂಜನಿ ಹುಡುಕಿದಳು. ಒಂದೊಂದು ಮಾತನ್ನೂ ತಿರುಗಿಸಿ ನೋಡಿದಳು. ಕಾಫಿ ಆರಿತು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ತೆಗೆಯಲು ಧನ್ಯಾ ಎದ್ದು ಓಡಿದಳು.